ಓದುಗರ ಪ್ರಶ್ನೆ: ಶಾಕೆರೆ ಎಲ್ಲಿಗೆ ಹೋದ್ರು ಅಂತ ಎಲ್ರಿಗೂ ಗೊತ್ತಿತ್ತಂತೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು, ಬೆಂಗಳೂರು ರಿಚ್ಮಂಡ್ ರಸ್ತೆಯ ಶಾಕೆರೆ ಖಲೀಲಿ ಕೇಸು, 1991ರಲ್ಲಿ ಕಾಣೆಯಾದ ಅವರನ್ನ ಎರಡನೇ ಗಂಡನೇ ಕೊಂದು ಮನೆ ಅಂಗಳದಲ್ಲಿ ಹೂತಿದ್ದ ಅಂತ ಆಮೇಲೆ ಗೊತ್ತಾಯ್ತಲ್ಲ, ಅದು. ಅದಕ್ಕೆ ಮಂಡಿನೋವು, ಮಾವನ ಆಸ್ತಿ ಎಲ್ಲಾ ಮುಂದಿನ ಸಂಚಿಕೆಗೆ ಹಾಕಿದೀನಿ, ಕೇಳಿದೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, 2023ರಲ್ಲಿ ಓಟಿಟಿಲಿ ಬಂದಿತ್ತಲ್ಲ ಶಾಕೆರೆ ಖಲೀಲಿ ಬಗ್ಗೆ ಡಾಕ್ಯುಮೆಂಟರಿ, ಅದನ್ನ ಮನೇಲಿ ಎಲ್ರೂ ಕೂತು ಈಗ ನೋಡಿದ್ವಿ, ಅವತ್ತಿಂದ ಫ್ಯಾಮಿಲಿ ಗ್ರೂಪಲ್ಲಿ ಜಗಳ. ನಮ್ಮ ಭಾವನೋರು ಆಕೆ ಹಿಂದೂ ಆಗಿ ಬದಲಾಗಿದ್ರು ಅದಕ್ಕೇ ತವರಿನೋರು ಕೈಬಿಟ್ರು ಅಂತಾರೆ, ನಾದಿನಿ ಇಲ್ಲ ಆ ಎರಡನೇ ಗಂಡನೇ ಮುಸ್ಲಿಂ ಆಗಿ ಬದಲಾಗಿದ್ದ ಅಂತಾಳೆ, ಇನ್ಯಾರೋ ವಶೀಕರಣ ಅಂತಾರೆ. ಕೊನೆಗೆ ಆಕೆ ಯಾವ ಧರ್ಮದಲ್ಲಿದ್ರು ಮೇಡಂ?
(ಹೆಸರು ಬೇಡ ಅಂದಿದಾರೆ, ತಿಪಟೂರು)

ಉತ್ತರ: ನಿಮ್ಮ ಭಾವನೋರೂ ನಾದಿನೀನೂ ಇಬ್ರೂ ಸುಮ್ನೆ ಕೂತ್ಕೋಬೋದು, ಯಾಕಂದ್ರೆ 1986ರ ಏಪ್ರಿಲ್‌ನಲ್ಲಿ ಆಗಿದ್ದ ಶಾಕೆರೆ ಅವರ ಎರಡನೇ ಮದುವೆ ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ಆಗಿದ್ದು. 1954ರ ಆ ಕಾಯ್ದೆ ಇರೋದೇ ಅದಕ್ಕೆ, ಯಾರೂ ಯಾರ ಧರ್ಮಕ್ಕೂ ಹೋಗದೆ ಮದುವೆ ಆಗ್ಬೋದು, ಮೊದಲೇ ನೋಟಿಸ್ ಕೊಟ್ಟು, ಸಾಕ್ಷಿಗಳ ಜೊತೆ ರಿಜಿಸ್ಟ್ರಾರ್ ಮುಂದೆ ಸೈನ್ ಹಾಕಿದ್ರೆ ಆಯ್ತು. ಇನ್ನು ಮನಸ್ಸೊಳಗೆ ಯಾವ ದೇವರಿಗೆ ಕೈ ಮುಗೀತಿದ್ರು ಅನ್ನೋದನ್ನ ಯಾವ ಕೋರ್ಟೂ ಕೇಳ್ಲಿಲ್ಲ, ಕೇಳ್ಬೇಕಾಗೂ ಇರ್ಲಿಲ್ಲ.

ಗ್ರೂಪಲ್ಲಿ ಹೇಳೋಕೆ ಅನುಕೂಲ ಆಗ್ಲಿ ಅಂತ ಒಂದಿಷ್ಟು ಹಿನ್ನೆಲೆ. ಶಾಕೆರೆ ಅವರು ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು, 1926ರಿಂದ 1941ರವರೆಗೆ ಮೈಸೂರು ದಿವಾನರಾಗಿದ್ರಲ್ಲ, ಬೃಂದಾವನ ಗಾರ್ಡನ್ ಅಂದ್ರೆ ನೆನಪಾಗೋ ಮಿರ್ಜಾ ಸಾಹೇಬ್ರು, ಅವರೇ. ಮಿರ್ಜಾ ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದೋರು, ಬೆಂಗಳೂರಲ್ಲಿ ಅಲಿ ಅಸ್ಕರ್ ರಸ್ತೆ ಅಂತ ಇವತ್ತಿಗೂ ಇದೆ. ಅಂಥಾ ಮನೆತನದ ಹೆಣ್ಮಗಳು ವಿದೇಶಾಂಗ ಸೇವೆಯ ದೊಡ್ಡ ಅಧಿಕಾರಿಯನ್ನ ಮದುವೆಯಾಗಿ ನಾಲ್ಕು ಹೆಣ್ಣುಮಕ್ಕಳ ತಾಯಿಯಾಗಿ, 1985ರಲ್ಲಿ ಡಿವೋರ್ಸ್ ಆಗಿ, ಮರುವರ್ಷ ಸ್ವಾಮಿ ಶ್ರದ್ಧಾನಂದ ಅನ್ನೋನನ್ನ ಮದುವೆಯಾದ್ರು. ಅವನ ಅಸಲು ಹೆಸರು ಮುರಳಿ ಮನೋಹರ ಮಿಶ್ರಾ. ರಾಂಪುರದ ನವಾಬರ ಕುಟುಂಬದ ಆಸ್ತಿ ವ್ಯವಹಾರ ನೋಡ್ಕೊಂಡಿದ್ದೋನು, ಇವರಿಗೂ ಆಸ್ತಿ ಪೇಪರ್ ವಿಷಯದಲ್ಲಿ ಸಹಾಯ ಮಾಡ್ತೀನಿ ಅಂತ ಹತ್ರ ಆದೋನು. ಸ್ವಾಮಿ ಅಂದ ತಕ್ಷಣ ಮಠ ಪೀಠ ಅಂದ್ಕೋಬೇಡಿ ಮತ್ತೆ.

ಇಷ್ಟು ಸಾಕಲ್ವಾ ಊರಿಗೆ? ದಿವಾನರ ಮೊಮ್ಮಗಳು, ಮುಸ್ಲಿಂ, ಗಂಡನ್ನ ಬಿಟ್ಟೋಳು, ಕಾವಿ ಹೆಸರಿನೋನ ಕೈ ಹಿಡಿದೋಳು. ಆಗಿನ ಬೆಂಗಳೂರಲ್ಲಿ ಕ್ಲಬ್ಬು, ಪಾರ್ಟಿ, ಹೇರ್ ಕಟಿಂಗ್ ಸಲೂನು ಎಲ್ಲಾ ಕಡೆ ಒಂದೊಂದು ಕಥೆ. ಗಂಡುಮಗು ಬೇಕು ಅಂತ ಹೋದ್ಲಂತೆ, ಅವನು ಮಂತ್ರ ಹಾಕಿದ್ನಂತೆ, ಗಂಡ ಪರದೇಶದಲ್ಲಿದ್ದಾಗ ಬೇಜಾರಾಗಿತ್ತಂತೆ. ಎಲ್ಲದಕ್ಕೂ ಕೊನೇಲಿ ಒಂದು "ಅಂತೆ". ಗಂಡುಮಗುವಿನ ಆಸೆ ಮಾತ್ರ ಆಮೇಲೆ ಪೇಪರ್‌ಗಳಲ್ಲೂ ತುಂಬಾ ಸಲ ಬಂತು, ಇರಬೋದು ಇಲ್ದೇನೂ ಇರಬೋದು, ನಮ್ಮಲ್ಲಿ ಎಷ್ಟು ಮನೇಲಿಲ್ಲ ಆ ಆಸೆ ಹೇಳಿ.

ಆದ್ರೆ ನನಗೆ ಮೈ ಉರಿಯೋದು ಬೇರೆ ವಿಷಯಕ್ಕೆ. 1991ರ ಮೇ 28ರ ನಂತರ ಅವರನ್ನ ಯಾರೂ ನೋಡ್ಲಿಲ್ಲ. ಅಮ್ಮ ಎಲ್ಲಿ ಅಂತ ಎರಡನೇ ಮಗಳು ಕೇಳಿದಾಗ ಶ್ರದ್ಧಾನಂದ ಕೊಟ್ಟ ಉತ್ತರಗಳನ್ನ ಕೋರ್ಟ್ ತೀರ್ಪಲ್ಲೇ ಓದ್ಬೇಕು ನೀವು. ಮೊದ್ಲು ಹೈದರಾಬಾದಿಗೆ ಹೋಗಿದಾಳೆ, ಆಮೇಲೆ ಕಚ್‌ನಲ್ಲಿ ಯಾರೋ ವಜ್ರದ ವ್ಯಾಪಾರಿ ಮನೆ ಮದುವೆಗೆ ಹೋಗಿದಾಳೆ, ಆಮೇಲೆ ಇನ್‌ಕಮ್ ಟ್ಯಾಕ್ಸ್ ತೊಂದ್ರೆ ಇದೆ ಅದಕ್ಕೆ ಯಾರ ಕಣ್ಣಿಗೂ ಬೀಳ್ದೆ ಇದಾಳೆ, ಕೊನೆಗೆ ಬಸುರಿ, ಹೆರಿಗೆಗೆ ಅಮೆರಿಕಕ್ಕೆ ಹೋಗಿದಾಳೆ, ನ್ಯೂಯಾರ್ಕಿನ ರೂಸ್‌ವೆಲ್ಟ್ ಆಸ್ಪತ್ರೇಲಿದಾಳೆ. ವಯಸ್ಸು 45ರ ಆಸುಪಾಸು, ನೆನಪಿರ್ಲಿ. ಒಂದೊಂದು ಸುಳ್ಳೂ ಊರು ಆಗ್ಲೇ ಆಡ್ಕೊಳ್ತಿದ್ದ ಮಾತಿಗೆ ಸರಿಯಾಗಿ ಹೊಲಿದ ಹಾಗಿದೆ ನೋಡಿ. ಶ್ರೀಮಂತರು ಹೀಗೇ, ಮದುವೆ ಮುಂಜಿ ಅಂತ ಎಲ್ಲೋ ತಿರುಗ್ತಿರ್ತಾರೆ. ದುಡ್ಡಿರೋರಿಗೆ ಟ್ಯಾಕ್ಸ್ ತಾಪತ್ರಯ ಇದ್ದೇ ಇರುತ್ತೆ. ಗಂಡುಮಗು ಹುಚ್ಚು ಇತ್ತಲ್ಲ ಮತ್ತೆ. ಅವನು ಹೊಸದಾಗಿ ಏನೂ ಕಟ್ಟಬೇಕಾಗೇ ಇರ್ಲಿಲ್ಲ, ಸಾಮಾನೆಲ್ಲಾ ಜನಾನೇ ಕೊಟ್ಟಿದ್ರು.

ಮಗಳು ಮಾತ್ರ ಬಿಡ್ಲಿಲ್ಲ. ಆಸ್ಪತ್ರೇಲಿ ವಿಚಾರಿಸಿದ್ರೆ ಅಂಥಾ ಹೆಸರಿನೋರು ಇಲ್ಲ, ಅಮ್ಮನ ಪಾಸ್‌ಪೋರ್ಟ್ ನೋಡಿದ್ರೆ ಅದು ಅವನ ಹತ್ರಾನೇ ಇದೆ. ಪಾಸ್‌ಪೋರ್ಟ್ ಇಲ್ದೆ ಅಮೆರಿಕಕ್ಕೆ ಹೋಗೋದು ಹೇಗೆ? 1992ರ ಜೂನ್‌ನಲ್ಲಿ ಅಶೋಕನಗರ ಪೊಲೀಸ್ ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಟ್ರು. 1994ರಲ್ಲಿ ಕೇಸು ಸಿಸಿಬಿಗೆ (ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ವಿಭಾಗ) ಹೋಯ್ತು, ಆಮೇಲೆ ಮನೆ ಕೆಲಸದವನ ಬಾಯಿ ಬಿಡಿಸಿ, ಏಪ್ರಿಲ್ 30ಕ್ಕೆ ಆ ಮನೆ ಅಂಗಳವನ್ನೇ ಅಗೆದ್ರು. ಮರದ ಪೆಟ್ಟಿಗೆ ಒಳಗೆ ಅಸ್ಥಿಪಂಜರ. ನಿದ್ದೆ ಬರೋ ಔಷಧಿ ಕೊಟ್ಟು, ಮೊದಲೇ ಮಾಡಿಸಿಟ್ಟಿದ್ದ ಪೆಟ್ಟಿಗೆಗೆ ಹಾಕಿ, ಮೊದಲೇ ತೋಡಿಸಿದ್ದ ಗುಂಡೀಲಿ ಹೂತಿದ್ದ. ತಲೆಬುರುಡೆಗೆ ಫೋಟೋ ಹೊಂದಿಸಿ ನೋಡೋ ಪರೀಕ್ಷೆ, ಡಿಎನ್ಎ ಟೆಸ್ಟು, ಎಲ್ಲಾ ಆಯ್ತು, ಅದು ಅವರದ್ದೇ. ಮೂರು ವರ್ಷ ಹತ್ತಿರ ಹತ್ತಿರ ಅಮೆರಿಕ, ಕಚ್ ಅಂತ ಊರೆಲ್ಲಾ ಮಾತಾಡ್ತಿದ್ದಾಗ ಅವರು ತಮ್ಮ ಮನೆ ಅಂಗಳದಲ್ಲೇ ಇದ್ರು, ಅವನು ಅದೇ ಮನೇಲಿ ವಾಸ ಮಾಡ್ಕೊಂಡು, ಅವರು ಕೊಟ್ಟಿದ್ದ ಪವರ್ ಆಫ್ ಅಟಾರ್ನಿ, ಅಂದ್ರೆ ಅವರ ಪರವಾಗಿ ಆಸ್ತಿ ವ್ಯವಹಾರ ಮಾಡೋ ಅಧಿಕಾರ ಪತ್ರ, ಇಟ್ಕೊಂಡು ಸೈಟು ಮಾರ್ತಿದ್ದ, ಲಾಕರ್ ತೆಗೀತಿದ್ದ.

ವಶೀಕರಣ ಅಂದೋರಿಗೆ ಆ ಪವರ್ ಆಫ್ ಅಟಾರ್ನಿ ತೋರ್ಸಿ. ಮಂತ್ರ ಅದೇ.

ಪ್ರಶ್ನೆ: ಏನೇ ಹೇಳಿ, ಬೆಳೆದ ಹೆಣ್ಣುಮಕ್ಕಳಿರೋ ತಾಯಿ ಗಂಡನ್ನ ಬಿಟ್ಟು ಇಂಥೋನ ಹಿಂದೆ ಬಂದಿದ್ದು ಆಕೇದೂ ತಪ್ಪಲ್ವಾ? ಸಂಸಾರ ನೆಟ್ಟಗಿದ್ದಿದ್ರೆ ಹೀಗಾಗ್ತಿತ್ತಾ?
(ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ಡಿವೋರ್ಸ್ ತಗೊಂಡು ಕಾನೂನು ಪ್ರಕಾರ ಮದುವೆ ಆಗೋದು ತಪ್ಪು ಅಂತ ನಿಮಗೆ ಅನ್ಸಿದ್ರೆ ಅನ್ನಿಸ್ಲಿ ಸ್ವಾಮಿ, ಅದಕ್ಕೆ ಶಿಕ್ಷೆ ಪೆಟ್ಟಿಗೇಲಿ ಹಾಕಿ ಹೂಳೋದಾ? ಆಯ್ಕೆ ತಪ್ಪಾಯ್ತು ಅನ್ನಿ ಒಪ್ತೀನಿ, ನಾನೂ ಅಳಿಯನ್ನ ಹುಡುಕೋವಾಗ ತಪ್ಪು ಮಾಡಿದೋಳೇ. ಇನ್ನೊಂದು, ನೀವು ಕೇಳಿರೋ ಪ್ರಶ್ನೇಲಿ ಎಲ್ಲಾ ಇದೆ, ಆಕೆ ತಾಯಿ, ಆಕೆ ಹೆಂಡ್ತಿ, ಆಕೆ ಸಂಸಾರ. ಗುಂಡಿ ತೋಡಿಸಿದೋನ ಹೆಸರು ಒಂದ್ಸಲಾನೂ ಬಂದಿಲ್ಲ ನೋಡಿ, ಬರೀ "ಇಂಥೋನು".

ಪ್ರಶ್ನೆ: ನಾ ಹುಬ್ಬಳ್ಳಿಯೊಳಗ ಎಲ್‌ಎಲ್‌ಬಿ ಓದಾಕತ್ತೀನ್ರಿ. ಇಷ್ಟ್ ದೊಡ್ಡ ಕೊಲಿ ಮಾಡಿದಾವಂಗ ಗಲ್ಲು ಯಾಕ ಆಗ್ಲಿಲ್ರಿ? ಹೆಂಡ್ತಿ ಮುಸ್ಲಿಂ, ಇಂವ ಹಿಂದೂ, ಅದಕ್ಕ ಬಿಟ್ರು ಅಂತ ನಮ್ಮ ರೂಮಿನ್ಯಾಗ ಒಬ್ಬ ವಾದ ಮಾಡ್ತಾನ.
(ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಯಾರು ತಮ್ಮಾ ಬಿಟ್ಟಿದ್ದು? ರೂಮ್‌ಮೇಟಿಗೆ ತೀರ್ಪು ಓದೋಕೆ ಹೇಳು, ನಿಮ್ಮ ಸಿಲಬಸ್ಸಲ್ಲೇ ಬರ್ಬೇಕು ಅದು. 2005ರ ಮೇನಲ್ಲಿ ಬೆಂಗಳೂರಿನ ಸೆಷನ್ಸ್ ಕೋರ್ಟು ಗಲ್ಲು ಕೊಡ್ತು, ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕಾಯಂ ಮಾಡ್ತು. ಸುಪ್ರೀಂ ಕೋರ್ಟಲ್ಲಿ 2007ರಲ್ಲಿ ಇಬ್ರು ಜಡ್ಜ್‌ಗಳು, ಇವನೇ ಕೊಂದಿದ್ದು ಅನ್ನೋದ್ರಲ್ಲಿ ಇಬ್ರಿಗೂ ಒಂಚೂರೂ ಅನುಮಾನ ಇಲ್ಲ, ಕಣ್ಣಾರೆ ಕಂಡ ಸಾಕ್ಷಿ ಇಲ್ದಿದ್ರೂ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಪೂರ್ತಿ ಇತ್ತು. ಶಿಕ್ಷೆ ವಿಷಯದಲ್ಲಿ ಮಾತ್ರ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಗಲ್ಲು ಅಂದ್ರು, ನ್ಯಾಯಮೂರ್ತಿ ಎಸ್.ಬಿ. ಸಿನ್ಹಾ ಜೀವಾವಧಿ ಅಂದ್ರು. ಹಂಗಾಗಿ ಮೂವರ ಪೀಠಕ್ಕೆ ಹೋಗಿ 2008ರ ಜುಲೈ 22ಕ್ಕೆ ತೀರ್ಪು ಬಂತು. ಅವರ ಲೆಕ್ಕ ಸರಳ, ಜೀವಾವಧಿ ಅಂದ್ರೆ ರಿಯಾಯಿತಿ ಎಲ್ಲಾ ಕಳೆದು 14 ವರ್ಷಕ್ಕೆ ಆಚೆ ಬರೋ ಹಾಗೆ ಆಗ್ಬಿಟ್ಟಿದೆ, ಈ ಕೇಸಿಗೆ ಅದು ಏನೇನೂ ಸಾಲದು, ಗಲ್ಲು ಕೊಡೋಕೂ ಮನಸ್ಸು ಹಿಂಜರಿತಾ ಇದೆ, ಹಂಗಾದ್ರೆ ಎರಡರ ಮಧ್ಯೆ ಇರೋ ಜಾಗದಲ್ಲಿ ಒಂದು ಶಿಕ್ಷೆ ಇರ್ಲಿ, ಸಾಯೋವರೆಗೂ ಜೈಲು, ರಿಯಾಯಿತಿ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳ ಸಂವಿಧಾನ ಪೀಠವೂ ಬಹುಮತದಿಂದ ಈ ದಾರಿ ಸರಿ ಅಂತು. ದೇಶದಲ್ಲಿ ಈಗ 25 ವರ್ಷ ರಿಯಾಯಿತಿ ಇಲ್ದೆ, 30 ವರ್ಷ ರಿಯಾಯಿತಿ ಇಲ್ದೆ ಅಂತ ಬರೋ ಶಿಕ್ಷೆಗಳಿಗೆ ಬೇರು ರಿಚ್ಮಂಡ್ ರಸ್ತೆಯ ಈ ಕೇಸೇ. ಅವನನ್ನ ಆಮೇಲೆ ಮಧ್ಯಪ್ರದೇಶದ ಸಾಗರ ಜೈಲಿಗೆ ಕಳಿಸಿದ್ರು (ನಮ್ಮ ಶಿವಮೊಗ್ಗದ ಸಾಗರ ಅಲ್ಲ), 2024ರಲ್ಲೂ ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದ, ಆಗ್ಲಿಲ್ಲ.

ಕೊಂದಿದ್ದು ಆಸ್ತಿಗೆ. ಅವಳ ಧರ್ಮಕ್ಕೆ ಕೊಂದ, ಇವನ ಧರ್ಮಕ್ಕೆ ಉಳಿಸಿದ್ರು ಅನ್ನೋ ಎರಡೂ ಕಥೆ ಓದದೇ ಇರೋರದ್ದು.

ಪ್ರಶ್ನೆ: ಅಕ್ಕ, ಇದು ನಮ್ಮ ಬೀದಿ ವಿಷಯ. ಎರಡು ಮನೆ ಆಚೆ ಇರೋ ಹೆಂಗಸು ಕಾಣಿಸ್ದೆ 11 ದಿನ ಆಯ್ತು. ಗಂಡ ಕಂಪ್ಲೇಂಟ್ ಕೊಟ್ಟಿದಾನೆ. ಆಕೆ ವರ್ಷದಿಂದ ಭಾನುವಾರ ಪ್ರಾರ್ಥನೆಗೆ ಅಂತ ಎಲ್ಲೋ ಹೋಗ್ತಿದ್ರು, ಕುಂಕುಮ ಇಡೋದು ಬಿಟ್ಟಿದ್ರು, ಅದಕ್ಕೇ ಆ ಪ್ರಾರ್ಥನೆಯೋರೇ ಕರ್ಕೊಂಡು ಹೋಗಿರ್ತಾರೆ ಅಂತ ಎಲ್ರೂ ಮಾತಾಡ್ತಿದಾರೆ, ಆಕೆ ಫೋಟೋ ಹಾಕಿ ಮೆಸೇಜೂ ಓಡಾಡ್ತಿದೆ. ನಾನು ಕೊನೇಲಿ ನೋಡಿದ್ದು ಮಂಗಳವಾರ ಬೆಳಿಗ್ಗೆ ಹಿಟ್ಟಿನ ಗಿರಣೀಲಿ, ರಾಗಿ ಬೀಸೋಕೆ ಕೊಟ್ಟು ಸಂಜೆ ಬರ್ತೀನಿ ಅಂದಿದ್ರು. ನಾನು ಬಾಯಿ ಬಿಡ್ಲಾ ಬೇಡ್ವಾ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಬೀದೀಲಿ ಬಿಡ್ಬೇಡ, ಸ್ಟೇಷನ್ನಲ್ಲಿ ಬಿಡು ತಾಯಿ. ನಿನ್ನ ಪತ್ರ ನೋಡಿದ ದಿನಾನೇ ನಿನಗೆ ಬೇರೆಯಾಗಿ ಉತ್ತರ ಕಳಿಸಿದೀನಿ, ಇಲ್ಲಿ ಹಾಕ್ತಿರೋದು ಬೇರೆಯೋರಿಗೂ ಬೇಕಾಗ್ಬೋದು ಅಂತ.

ಕುಂಕುಮ ಬಿಟ್ರು ಅನ್ನೋದು ಹತ್ತು ಜನ ಹೇಳ್ತಾರೆ. ರಾಗಿ ಬೀಸೋಕೆ ಕೊಟ್ಟಿದ್ದು ನಿನಗೂ ಗಿರಣಿಯವನಿಗೂ ಮಾತ್ರ ಗೊತ್ತು. ಮನೆ ಬಿಟ್ಟು ಹೋಗೋ ದಿನ ಯಾರಾದ್ರೂ ಸಂಜೆ ಹಿಟ್ಟಿಗೆ ಬರ್ತೀನಿ ಅಂತಾರಾ? ಅನ್ನಬೋದೇನೋ, ಯಾರಿಗೂ ಅನುಮಾನ ಬರ್ದೇ ಇರ್ಲಿ ಅಂತಾನೂ ಅನ್ನಬೋದು, ಅದನ್ನ ತೀರ್ಮಾನ ಮಾಡೋದು ನೀನೂ ಅಲ್ಲ ನಾನೂ ಅಲ್ಲ. ನೀನು ಕಂಡಿದ್ದು ಹೇಳು: ಎಷ್ಟು ಗಂಟೆ, ಯಾವ ಸೀರೆ, ಕೈಲಿ ಏನಿತ್ತು, ಯಾರ ಜೊತೆ ಇದ್ರು, ಏನು ಮಾತಾಡಿದ್ರು. ಪೇಪರಲ್ಲಿ ಪೊಲೀಸರು ಹಾಕೋ "ಕಾಣೆಯಾಗಿದ್ದಾರೆ" ಪ್ರಕಟಣೆ ನೋಡಿದೀಯಲ್ಲ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಹಸಿರು ಸೀರೆ, ಕನ್ನಡ ಮಾತಾಡ್ತಾರೆ, ಹಿಂಗೆ ಇರುತ್ತೆ. ನಿನ್ನ ಹೇಳಿಕೇನೂ ಹಂಗೇ ಇರ್ಲಿ. ಪ್ರಾರ್ಥನೆ ವಿಷಯ ಅವರು ಕೇಳಿದ್ರೆ ಮುಚ್ಚಿಡ್ಬೇಡ, ಅಲ್ಲಿ ಪರಿಚಯ ಇರೋರನ್ನೂ ವಿಚಾರಿಸ್ಬೇಕಾಗುತ್ತೆ, ಆದ್ರೆ ನೀನಾಗೇ ಕಾರಣ ಕಟ್ಟಿ ಕೊಡ್ಬೇಡ.

ಆ ಫೋಟೋ ಮೆಸೇಜನ್ನ ಮುಂದೆ ಕಳಿಸ್ಬೇಡ. ಆಕೆ ಮೇಜರು, ತಾನಾಗೇ ಹೋಗಿದ್ರೆ ಪೊಲೀಸರು ಪತ್ತೆ ಮಾಡಿ ಹೇಳಿಕೆ ತಗೋತಾರೆ, ವಾಪಸ್ ಮನೆಗೆ ಹೋಗು ಅಂತ ಬಲವಂತ ಮಾಡೋ ಹಾಗಿಲ್ಲ. ಯಾರಿಂದಲೋ ತಪ್ಪಿಸ್ಕೊಂಡು ಹೋಗಿದ್ರಂತೂ ನೀನು ಕಳಿಸಿದ ಫೋಟೋನೇ ಆಕೇನ ಹಿಡ್ಕೊಡುತ್ತೆ. ಹಂಗಲ್ಲದೆ ಏನೋ ಆಗಿದ್ರೆ, ಧರ್ಮ ಬದಲಾಯ್ಸಿ ಓಡಿಹೋದ್ಲು ಅನ್ನೋ ಮಾತು ಯಾರಿಗೆ ಅನುಕೂಲ ಅಂತ ಮೇಲಿನ ಮೊದಲನೇ ಉತ್ತರ ಇನ್ನೊಂದ್ಸಲ ಓದು. ನಾನು ಆ ಗಂಡನ ಮೇಲೆ ಏನೂ ಹೇಳ್ತಿಲ್ಲ, ಪಾಪ ಅವನೂ ಹುಡುಕ್ತಿರಬೋದು.

ಸ್ಟೇಷನ್ನಿಗೆ ಒಬ್ಳೇ ಹೋಗೋಕೆ ಭಯ ಆದ್ರೆ ಮಗನ್ನೋ ತಮ್ಮನ್ನೋ ಕರ್ಕೊಂಡು ಹೋಗು, ಇಲ್ಲಾಂದ್ರೆ 112ಕ್ಕೆ ಫೋನ್ ಮಾಡು. ಅದಕ್ಕೂ ಮುಂಚೆ ಗಿರಣಿಯವನ್ನ ಒಂದು ಮಾತು ಕೇಳು, ಆ ರಾಗಿ ಹಿಟ್ಟಿನ ಡಬ್ಬ ಇನ್ನೂ ಅಲ್ಲೇ ಇದೆಯಾ, ಇಲ್ಲ ಅವತ್ತು ಸಂಜೆ ಯಾರಾದ್ರೂ ಬಂದು ತಗೊಂಡು ಹೋದ್ರಾ ಅಂತ.