ವಿಮಾನ 35 ಸಾವಿರ ಅಡಿ ಮೇಲೆ ಹಾರುವಾಗ ನಮ್ಮ ದೇಹಕ್ಕೆ ಏನಾಗುತ್ತದೆ?

ಅಮ್ಮನನ್ನು ಮೊದಲ ಸಲ ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಿದ್ದೀರಿ. ಅವರಿಗೆ ಬಿಪಿ ಇದೆ. ಅಷ್ಟು ಎತ್ತರದಲ್ಲಿ ಆಮ್ಲಜನಕ ಸಾಕಾಗುತ್ತದಾ, ದೇಹಕ್ಕೆ ಏನಾದರೂ ಆಗುತ್ತದಾ ಎಂದು ಕೇಳಿದ್ದೀರಿ. ನಾನು ಹಲವು ವರ್ಷ ಕ್ಯಾಬಿನ್ ಕ್ರೂ ಆಗಿ ಕೆಲಸ ಮಾಡಿದವಳು. ಇದನ್ನೆಲ್ಲ ಟ್ರೈನಿಂಗ್‌ನಲ್ಲಿ ಓದಿದ್ದೇನೆ, ಪ್ರಯಾಣಿಕರಲ್ಲಿ ಕಣ್ಣಾರೆ ನೋಡಿಯೂ ಇದ್ದೇನೆ.

ವಿಮಾನ 35 ಸಾವಿರ ಅಡಿಯಲ್ಲಿದ್ದರೂ ಅಮ್ಮನ ದೇಹಕ್ಕೆ ಅಷ್ಟು ಎತ್ತರ ತಟ್ಟುವುದಿಲ್ಲ. ಹೆಚ್ಚಿನ ವಿಮಾನಗಳಲ್ಲಿ ಇಂಜಿನ್ ಎಳೆದುಕೊಂಡು ಒತ್ತುವ ಗಾಳಿಯಲ್ಲಿ ಒಂದು ಪಾಲನ್ನು ತಂಪು ಮಾಡಿ ಒಳಗೆ ತುಂಬುತ್ತಾರೆ. ಮಾಮೂಲಿ ಹಾರಾಟದಲ್ಲಿ ಒಳಗಿನ ಒತ್ತಡ 8 ಸಾವಿರ ಅಡಿ ಎತ್ತರದ ಜಾಗದಲ್ಲಿ ಇರುವುದಕ್ಕಿಂತ ಕಡಿಮೆ ಆಗಬಾರದು ಎಂಬ ನಿಯಮ ಇದೆ. ಊಟಿ ಪೇಟೆ ಸುಮಾರು 7,300 ಅಡಿ ಎತ್ತರದಲ್ಲಿದೆ. ಅಲ್ಲೇ ಇರುವ ದೊಡ್ಡಬೆಟ್ಟದ ತುದಿ 8,600 ದಾಟುತ್ತದೆ. ಅಮ್ಮ ಊಟಿಗೆ ಹೋಗಿ ಆರಾಮಾಗಿ ಓಡಾಡಿ ಬಂದಿದ್ದರೆ ಅರ್ಧ ಚಿಂತೆ ಬಿಡಿ. ಬೋಯಿಂಗ್ 787, ಏರ್‌ಬಸ್ ಎ350 ತರಹದ ವಿಮಾನಗಳಲ್ಲಿ ಇದು 6 ಸಾವಿರ ಅಡಿಯ ಮಟ್ಟಕ್ಕೇ ನಿಲ್ಲುತ್ತದೆ, ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಡಿಮೆಯಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಪಾಲು ಅಲ್ಲೂ ಶೇಕಡ 21ರ ಹತ್ತಿರವೇ. ಕಡಿಮೆಯಾಗುವುದು ಒತ್ತಡ. 18 ಸಾವಿರ ಅಡಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, 35 ಸಾವಿರಕ್ಕೆ ಕಾಲು ಭಾಗ ಕೂಡ ಇರುವುದಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ದಾಟಿಸುವುದು ಈ ಒತ್ತಡವೇ. ಕ್ಯಾಬಿನ್‌ನಲ್ಲಿ ಸುಮಾರು ಮುಕ್ಕಾಲು ಭಾಗ ಇರುತ್ತದೆ. ಹಾಗಾಗಿ ಆರೋಗ್ಯವಾಗಿರುವವರ ಆಕ್ಸಿಜನ್ ಮಟ್ಟವೂ 97–98ರಿಂದ 92–93ರ ಆಸುಪಾಸಿಗೆ ಇಳಿಯಬಹುದು. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಅನ್ನು ವಿಮಾನದಲ್ಲಿ ಬೆರಳಿಗೆ ಹಾಕಿಕೊಂಡು ಗಾಬರಿಯಾದವರನ್ನು ನೋಡಿದ್ದೇನೆ. ಉಸಿರಾಟ ಸರಿಯಾಗಿದ್ದು, ಮಾತು ಸ್ಪಷ್ಟವಾಗಿದ್ದರೆ ಆ ಇಳಿಕೆ ಅಲ್ಲಿ ಸಹಜವೇ. ಸ್ವಲ್ಪ ಸುಸ್ತು, ತೂಕಡಿಕೆ ಬರಬಹುದು, ಅಷ್ಟೇ.

ಒತ್ತಡ ಇಳಿದಾಗ ದೇಹದೊಳಗಿನ ಗಾಳಿ ಹಿಗ್ಗುತ್ತದೆ. ಚಿಪ್ಸ್ ಪ್ಯಾಕೆಟ್ ಉಬ್ಬುವುದು ಅದಕ್ಕೇ. ಹೊಟ್ಟೆಯೊಳಗಿನ ಗಾಳಿ ಮೂರನೇ ಒಂದು ಭಾಗದಷ್ಟು ಜಾಸ್ತಿ ಜಾಗ ಹಿಡಿಯುತ್ತದೆ, ಆದ್ದರಿಂದ ಹೊರಡುವ ಮುಂಚೆ ಕಡಲೆಕಾಳು ಉಸಲಿ, ಸೋಡಾ ಬೇಡ. ಕ್ಯಾಬಿನ್ ಗಾಳಿ ತುಂಬಾ ಒಣ ಕೂಡ. ತೇವಾಂಶ ಎಷ್ಟೋ ಸಲ ಶೇಕಡ 20 ಕೂಡ ಇರುವುದಿಲ್ಲ. ಮೂಗು, ತುಟಿ, ಕಣ್ಣು ಒಣಗುತ್ತವೆ, ಊಟ ಸಪ್ಪೆ ಅನಿಸುತ್ತದೆ. ಆಗಾಗ ನೀರು ಕೊಡಿ.

ಇನ್ನು ಒತ್ತಡ ಕೈಕೊಟ್ಟರೆ? ಅಪರೂಪ, ಆದರೆ ಆಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಜೈಪುರಕ್ಕೆ ಹೊರಟ ವಿಮಾನದಲ್ಲಿ ಒತ್ತಡ ಕಾಯುವ ಸ್ವಿಚ್ ಹಾಕಿರಲಿಲ್ಲ. ಸುಮಾರು 30 ಜನರಿಗೆ ಮೂಗು, ಕಿವಿಯಲ್ಲಿ ರಕ್ತ ಬಂತು. ಮಾಸ್ಕ್ ಕೆಳಗೆ ಬಿದ್ದವು, ವಿಮಾನ ಮುಂಬೈಗೆ ವಾಪಸ್ ಬಂತು.

ಮಾಸ್ಕ್ ಬಿದ್ದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಅಮ್ಮನಿಗೆ. ನಾವು ಪ್ರತಿ ಸಲ ಹೇಳುವ ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ. 35 ಸಾವಿರ ಅಡಿಯಲ್ಲಿ ಒತ್ತಡ ಪೂರ್ತಿ ಹೋದರೆ ಕೈ, ಬುದ್ಧಿ ಎರಡೂ ಕೆಲಸ ಮಾಡುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಆಮ್ಲಜನಕ ಕಡಿಮೆಯಾದಾಗ ನೋವೂ ಆಗುವುದಿಲ್ಲ. 1875ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ಮೂವರು ‘ಜೆನಿತ್’ ಎಂಬ ಬಲೂನಿನಲ್ಲಿ 8 ಸಾವಿರ ಮೀಟರ್ ದಾಟಿ ಹೋದರು. ಆಮ್ಲಜನಕದ ಚೀಲಗಳು ಪಕ್ಕದಲ್ಲೇ ಇದ್ದವು. ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಇಬ್ಬರೂ ಮೇಲೆಯೇ ಸತ್ತರು. ಬದುಕಿ ಬಂದ ಟಿಸಾಂಡಿಯೇ, ತನಗೆ ಯಾವ ಸಂಕಟವೂ ಆಗಲಿಲ್ಲ, ಒಳಗೊಳಗೇ ಖುಷಿಯಾಗುತ್ತಿತ್ತು, ಆಮ್ಲಜನಕದ ಕೊಳವೆ ಹಿಡಿಯೋಣವೆಂದರೆ ಕೈ ಮೇಲೇಳಲಿಲ್ಲ ಎಂದು ಬರೆದ. ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಪೈಲಟ್‌ಗಳನ್ನು ಒತ್ತಡ ಇಳಿಸಿದ ಕೋಣೆಯಲ್ಲಿ ಕೂರಿಸುವುದು ಇದಕ್ಕೇ. ತಮಗೆ ಏನೋ ಆಗುತ್ತಿದೆ ಎಂದು ಗುರುತಿಸುವುದನ್ನೇ ಅವರು ಅಲ್ಲಿ ಕಲಿಯಬೇಕು. ನಿಮ್ಮ ಸೀಟಿನ ಮೇಲಿನ ಮಾಸ್ಕ್ ಸಾಮಾನ್ಯವಾಗಿ 12 ನಿಮಿಷವಾದರೂ ಆಮ್ಲಜನಕ ಕೊಡುತ್ತದೆ. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಸುಮಾರು 10 ಸಾವಿರ ಅಡಿಗೆ ಇಳಿಸಿರುತ್ತಾರೆ.

ಬಿಪಿ ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮಾತ್ರೆ ಕೈಚೀಲದಲ್ಲೇ ಇರಲಿ. ಆದರೆ ಅಮ್ಮನಿಗೆ ಶ್ವಾಸಕೋಶದ ಕಾಯಿಲೆ, ಇತ್ತೀಚೆಗೆ ಹೃದಯಾಘಾತ, ಇಲ್ಲವೇ ತುಂಬಾ ರಕ್ತಹೀನತೆ ಇದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ರೆಟಿನಾ ಆಪರೇಷನ್ ಆಗಿ ಕಣ್ಣಿನೊಳಗೆ ಗ್ಯಾಸ್ ಗುಳ್ಳೆ ಬಿಟ್ಟಿದ್ದರೆ ಅದು ಕರಗುವ ತನಕ ವಿಮಾನ ಹತ್ತಲೇಬಾರದು. ಗುಳ್ಳೆ ಹಿಗ್ಗಿದರೆ ದೃಷ್ಟಿಯೇ ಹೋಗಬಹುದು.

ಅಮ್ಮನಿಗೆ ನಿಜಕ್ಕೂ ಕಷ್ಟವಾಗುವುದಿದ್ದರೆ ಅದು ಕಿವಿ, ಅದೂ ಇಳಿಯುವಾಗ. ಕಿವಿಯೊಳಗಿನಿಂದ ಗಂಟಲಿನ ಹಿಂಭಾಗಕ್ಕೆ ಸಣ್ಣ ನಾಳ ಇದೆ. ಏರುವಾಗ ಒಳಗಿನ ಗಾಳಿ ಅದರಿಂದ ತಾನಾಗಿಯೇ ಹೊರಬರುತ್ತದೆ, ಇಳಿಯುವಾಗ ಒಳಗೆ ಹೋಗಲು ನಾವೇ ನಾಳ ತೆರೆಸಬೇಕು. ಉಗುಳು ನುಂಗಿದರೆ, ಆಕಳಿಸಿದರೆ ತೆರೆಯುತ್ತದೆ. ಜೋರು ನೆಗಡಿ ಇದ್ದರೆ ಪ್ರಯಾಣ ಮುಂದೂಡುವುದು ಒಳ್ಳೆಯದು. ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಅದಕ್ಕೇ ಇಳಿಯುವುದಕ್ಕೆ ಅರ್ಧ ಗಂಟೆ ಮುಂಚೆ ಅಮ್ಮನನ್ನು ಎಬ್ಬಿಸಿ, ಬಾಯಿಗೆ ಒಂದು ಪೆಪ್ಪರ್‌ಮೆಂಟ್ ಕೊಡಿ.