ಹುಡುಗ ಸುಮ್ನೆ ನೋಡ್ತಾ ನಿಂತಿರ್ತಾನೆ

ಪತ್ರ: ಮಣಿಪಾಲದಲ್ಲಿ ಗೆಳೆಯರ ಜೊತೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿದೆ. ಎಲ್ಲರೂ ಹೊಗಳಿದರು. ನನಗೆ ಆಕಳಿಕೆ ತಡೆಯಲಾಗಲಿಲ್ಲ. ಆ ಹುಡುಗ ಸುಮ್ನೆ ನೋಡ್ತಾ ನಿಂತಿರ್ತಾನೆ. ಇಷ್ಟು ನಿಧಾನ ಯಾಕೆ ಸಾರ್?
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ: ನಾಚಿಕೆ ಬೇಡ. ಹೊಗಳಿದವರಲ್ಲೂ ಕೆಲವರು ಆಕಳಿಸಿರುತ್ತಾರೆ, ಪತ್ರ ಬರೆಯುವುದಿಲ್ಲ ಅಷ್ಟೇ. ‘ಇಡೀ ರಾತ್ರಿ ಬಯಲಾಟ ನೋಡುವ ಊರಿನವರಿಗೆ ಇದು ಕಷ್ಟವಾ?’ ಅಂತ ಕೇಳುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಆಟದಲ್ಲಿ ತೂಕಡಿಸಿದರೆ ಚೆಂಡೆ ಎಬ್ಬಿಸುತ್ತದೆ. ನಡುವೆ ಎದ್ದು ಚರುಮುರಿ ತಿಂದು ಬರಬಹುದು. ಇಲ್ಲಿ ಹಾಗಲ್ಲ.

ನೀವು ದೂರಿದ ಆ ಹುಡುಗನನ್ನೇ ನೋಡೋಣ. ನಾಣಿ ವೇದ ಕಲಿಯಲು ಉಡುಪರ ಮನೆಗೆ ಬಂದವನು. ಅವರ ಮಗಳು ಯಮುನಕ್ಕ ಚಿಕ್ಕ ವಯಸ್ಸಿನ ವಿಧವೆ. ಅವಳು ಬಸುರಿಯೆಂಬುದು ಊರಿಗೆ ತಿಳಿಯುತ್ತದೆ. ಇವನಿಗೆ ಪೂರ್ತಿ ಅರ್ಥವಾಗುವುದಿಲ್ಲ. ಅರ್ಥವಾಗದ ಮಗು ನೋಡದೆ ಇನ್ನೇನು ಮಾಡೀತು? ಚಿತ್ರ ಅವನ ವೇಗದಲ್ಲೇ ನಡೆಯುತ್ತದೆ. ಊರಿನ ವೇಗದಲ್ಲಿ ನಡೆದಿದ್ದರೆ ಬೇಗ ಮುಗಿಯುತ್ತಿತ್ತು, ತೀರ್ಪು ಕೊಡಲು ಊರಿಗೆ ಎಷ್ಟು ಹೊತ್ತು ಬೇಕು? ಬದುಕಿರುವ ಮಗಳಿಗೆ ಅಪ್ಪನ ಕೈಯಲ್ಲೇ ಘಟಶ್ರಾದ್ಧ ಮಾಡಿಸುತ್ತದೆ, ಅಂದರೆ ಸತ್ತಳೆಂದು ಶ್ರಾದ್ಧ ಮಾಡಿಸಿ ಜಾತಿಯಿಂದ ಹೊರಹಾಕುತ್ತದೆ. ಕೊನೆಗೆ ತನ್ನ ಅಪ್ಪನ ಜೊತೆ ಹೊರಟ ನಾಣಿಗೆ, ತಲೆ ಬೋಳಿಸಿದ ಯಮುನಕ್ಕ ಮರದಡಿ ಕೂತಿರುವುದು ಕಾಣುತ್ತದೆ. ಅಷ್ಟು ಹೊತ್ತು ಅವಳ ಜೊತೆ ನಾವೂ ಕಳೆದಿರದಿದ್ದರೆ ಅದು ನಮಗೂ ಬರೀ ಊರ ಸುದ್ದಿಯಾಗುತ್ತಿತ್ತು.

ಸಂಗೀತವೂ ಅಷ್ಟೇ. ಅದು ಬಿ.ವಿ. ಕಾರಂತರದ್ದು, ನಮ್ಮ ಬಂಟ್ವಾಳದ ಮಂಚಿಯವರು. ಈಗ ಅಳಿ ಅಂತ ಪಿಟೀಲು ಕುಯ್ದು ಹೇಳುವ ಜಾಯಮಾನ ಅವರದ್ದಲ್ಲ. ಆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ 1977ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಕಾಸರವಳ್ಳಿಯವರಿಗೆ ಅದು ಮೊದಲ ಪೂರ್ಣಾವಧಿ ಚಿತ್ರ, ವಯಸ್ಸು 30 ಕೂಡ ಆಗಿರಲಿಲ್ಲ. ಪ್ರಶಸ್ತಿ ಬಂದಿದೆ ಅಂತ ನೀವು ಮೆಚ್ಚಬೇಕೆಂದೇನೂ ಇಲ್ಲ.

ನಿಧಾನವಾದದ್ದೆಲ್ಲ ಒಳ್ಳೆಯದೂ ಅಲ್ಲ. ಚಿತ್ರೋತ್ಸವಗಳನ್ನೇ ಕಣ್ಣಲ್ಲಿಟ್ಟುಕೊಂಡು, ಒಬ್ಬ ಚಹಾ ಕುಡಿಯುವುದನ್ನು ಗ್ಲಾಸ್ ಖಾಲಿಯಾಗುವವರೆಗೆ ತೋರಿಸುವವರಿದ್ದಾರೆ. ಮೊದಲ ಗುಟುಕಿನಲ್ಲಿ ಕಂಡದ್ದಕ್ಕಿಂತ ಜಾಸ್ತಿ ಏನೂ ಕೊನೆಯ ಗುಟುಕಿನಲ್ಲಿ ಕಾಣದಿದ್ದರೆ ಧಾರಾಳವಾಗಿ ಎದ್ದು ಹೋಗಿ.

‘ಘಟಶ್ರಾದ್ಧ’ವನ್ನು ಸರಿಪಡಿಸಿ, ಹೊಸ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಕಡೆ ಬಂದರೆ ಇನ್ನೊಮ್ಮೆ ನೋಡಿ. ಮೊಬೈಲಿನಲ್ಲಿ ಮಾತ್ರ ಬೇಡ, ಕಪ್ಪು-ಬಿಳುಪಿನ ಆ ಕತ್ತಲೆ ಅಂಗೈಯಗಲದ ಪರದೆಯಲ್ಲಿ ಕಾಣುವುದಿಲ್ಲ. ಆಮೇಲೂ ಬೇಸರವಾದರೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.