ಮೂತ್ರನಾಳಕ್ಕೆ ಮೆಟಲ್ ಸ್ಟೆಂಟ್ ಹಾಕಿಸಿದರೂ ಅದರ ಮೇಲೆ ಕಲ್ಲು ಕಟ್ಟುತ್ತಾ?

ಕಟ್ಟುತ್ತದೆ. ಪ್ಲಾಸ್ಟಿಕ್ಕಿಗಿಂತ ಸಾಮಾನ್ಯವಾಗಿ ನಿಧಾನ, ಅಷ್ಟೇ. ಸ್ಟೆಂಟ್ ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಸರಾಗವಾಗಿ ಇಳಿಯಲೆಂದು ಮೂತ್ರನಾಳದೊಳಗೆ ಇಡುವ ತೆಳು ಕೊಳವೆ.

ನಮ್ಮ ರಾಯಚೂರು ಕಡೆ ಬೋರ್ ನೀರು ಕಾಯಿಸುವ ಹೀಟರ್ ಕಾಯಿಲ್ ನೋಡಿದ್ದೀರಲ್ವಾ? ಬೆಳ್ಳಗೆ ಉಪ್ಪು ಕೂತು, ಚಾಕುವಿನಿಂದ ಕೆರೆದರೂ ಬಿಡುವುದಿಲ್ಲ. ಹೆಚ್ಚುಕಡಿಮೆ ಹಾಗೇ, ಆದರೆ ಇಲ್ಲಿ ಬಿಸಿ ಬೇಕಿಲ್ಲ. ಮೊದಲು ಮೂತ್ರದಲ್ಲಿರುವ ಪ್ರೋಟೀನ್ ಲೋಹಕ್ಕೆ ತೆಳುವಾಗಿ ಅಂಟುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕೂರುತ್ತದೆ. ಇನ್‌ಫೆಕ್ಷನ್ ಇದ್ದರಂತೂ ಇನ್ನೂ ಜಾಸ್ತಿ, ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಆಗ ಸ್ಟ್ರೂವೈಟ್ (ಇಂಥ ಇನ್‌ಫೆಕ್ಷನ್‌ನಲ್ಲಿ ಕಟ್ಟುವ ಒಂದು ಬಗೆಯ ಹರಳು), ಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಬೇಗ ಗಟ್ಟಿಯಾಗುತ್ತವೆ.

ಮಾಮೂಲಿ ಡಿಜೆ ಸ್ಟೆಂಟನ್ನು (ಎರಡೂ ತುದಿ ಸುರುಳಿಯಾಗಿರುವ ಪ್ಲಾಸ್ಟಿಕ್ ಸ್ಟೆಂಟ್) 3ರಿಂದ 6 ತಿಂಗಳೊಳಗೆ ಬದಲಿಸುತ್ತಾರೆ. ಪೂರ್ತಿ ಲೋಹದ್ದು 12 ತಿಂಗಳವರೆಗೂ ಇರಬಹುದು. ಆದರೆ ಮೊದಲೇ ಕಿಡ್ನಿ ಕಲ್ಲು ಆಗುತ್ತಿದ್ದವರು ಆ ಲೆಕ್ಕ ಹಿಡಿದು ಸುಮ್ನೆ ಕೂರಬೇಡಿ, ನಡುವೆ ಎಕ್ಸ್‌ರೇ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ತುದಿಯ ಸುರುಳಿಗೆ ದಪ್ಪಗೆ ಕಲ್ಲು ಕಟ್ಟಿದರೆ ಎಳೆದರೂ ಬರುವುದಿಲ್ಲ, ಲೇಸರ್‌ನಿಂದ ಒಡೆದು ತೆಗೆಯಬೇಕಾಗುತ್ತದೆ.

ಇನ್ನು ನೀರು. ಏಪ್ರಿಲ್, ಮೇ ಬಿಸಿಲಿಗೆ ಬೆವರಿ ಬೆವರಿ ಮೂತ್ರ ಕಡು ಹಳದಿ ಆಗುತ್ತಲ್ಲ, ಹರಳಿಗೆ ಅದೇ ಹಬ್ಬ. ದಿನಕ್ಕೆ 2 ಲೀಟರಿಗೆ ಕಡಿಮೆ ಇಲ್ಲದಂತೆ ಮೂತ್ರ ಹೋಗುವಷ್ಟು ಕುಡಿಯಿರಿ (ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಹೇಳಿದಷ್ಟೇ).